ಕಾರು ನಿಮ್ಮದು, ಓಡಿಸಿದವರು ಬೇರೆಯವರು: ಅಪಘಾತ ಆದರೆ ದುಡ್ಡು ಯಾರು ಕೊಡುತ್ತಾರೆ?

ಅಮೆರಿಕಕ್ಕೆ ಹೊಸದಾಗಿ ಬಂದ ಮನೆಗಳಲ್ಲಿ ಮೊದಮೊದಲು ಒಂದೇ ಕಾರು ಇರುತ್ತದೆ. ಅದನ್ನೇ ಗಂಡ ಹೆಂಡತಿ ಇಬ್ಬರೂ ಓಡಿಸುತ್ತಾರೆ. ಡ್ರೈವಿಂಗ್ ಟೆಸ್ಟ್‌ಗೆ ಅಂತ ಗೆಳೆಯರು ತೆಗೆದುಕೊಂಡು ಹೋಗುತ್ತಾರೆ, ಊರಿಂದ ಬಂದ ಅಪ್ಪ ಒಂದು ಸಲ ನಾನೂ ನೋಡ್ತೀನಿ ಅಂತಾರೆ. ಕೀ ಕೊಡುವಾಗ ಯಾರೂ ಇನ್ಶೂರೆನ್ಸ್ ಬಗ್ಗೆ ಯೋಚಿಸುವುದಿಲ್ಲ. ಯೋಚಿಸಬೇಕು, ಯಾಕೆಂದರೆ ಇಲ್ಲಿ ಇನ್ಶೂರೆನ್ಸ್ ಹೆಚ್ಚಾಗಿ ಕಾರಿನ ಜೊತೆ ಹೋಗುತ್ತದೆ, ಓಡಿಸುವವರ ಜೊತೆ ಅಲ್ಲ. ನೀವು ಕೀ ಕೊಟ್ಟರೆ ನಿಮ್ಮ ಪಾಲಿಸಿಯನ್ನೂ ಕೊಟ್ಟ ಹಾಗೆ.

ನಿಮ್ಮ ಒಪ್ಪಿಗೆ ಪಡೆದು, ಲೈಸೆನ್ಸ್ ಇರುವ ಗೆಳೆಯ ಯಾವಾಗಲೋ ಒಮ್ಮೆ ಕಾರು ಓಡಿಸಿ ಗುದ್ದಿದ ಅಂದುಕೊಳ್ಳಿ. ತಪ್ಪು ಅವನದೇ. ಆಗ ಮೊದಲು ಹಣ ಕೊಡುವುದು ಸಾಮಾನ್ಯವಾಗಿ ನಿಮ್ಮ ಪಾಲಿಸಿ. ಅದರ ಮಿತಿ ಮುಗಿದ ಮೇಲೆ ಅವನಿಗೆ ಸ್ವಂತ ಪಾಲಿಸಿ ಇದ್ದರೆ ಅದು ಮುಂದೆ ಬರುತ್ತದೆ. ಅವನಿಗೂ ಇಲ್ಲದಿದ್ದರೆ ಉಳಿದದ್ದು ಕೈಯಿಂದಲೇ ಹೋಗುತ್ತದೆ.

ಆ ಮಿತಿ ಎಷ್ಟು ಅನ್ನುವುದನ್ನು ಇವತ್ತೇ ಪಾಲಿಸಿ ತೆಗೆದು ನೋಡಿ. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ ಕನಿಷ್ಠ ಮಿತಿ ಒಬ್ಬರ ಗಾಯಕ್ಕೆ 30,000 ಡಾಲರ್, ಒಂದು ಅಪಘಾತದಲ್ಲಿ ಗಾಯಗೊಂಡ ಎಲ್ಲರಿಗೂ ಸೇರಿ 60,000, ಎದುರಿನವರ ಆಸ್ತಿಗೆ 15,000. ಟೆಕ್ಸಾಸ್‌ನಲ್ಲಿ ಗಾಯದ ಮಿತಿ ಅಷ್ಟೇ, ಆಸ್ತಿಗೆ 25,000. ಈಗ ಲೆಕ್ಕ ಹಾಕಿ. ಗೆಳೆಯ ಗುದ್ದಿದ್ದು 40,000 ಡಾಲರ್‌ನ ಹೊಸ ಕಾರಿಗೆ, ಅದು ರಿಪೇರಿ ಆಗದಷ್ಟು ಹಾಳಾಗಿದೆ, ನಿಮ್ಮದು ಕ್ಯಾಲಿಫೋರ್ನಿಯಾದ ಕನಿಷ್ಠ ಪಾಲಿಸಿ. ನಿಮ್ಮ ಕಂಪನಿ 15,000 ಕೊಟ್ಟು ಕೈ ತೊಳೆದುಕೊಳ್ಳುತ್ತದೆ. ಉಳಿದ 25,000ಕ್ಕೆ ಎದುರಿನವರ ಕಂಪನಿ ಗೆಳೆಯನ ಬೆನ್ನು ಹತ್ತುತ್ತದೆ, ಕಾನೂನು ಅವಕಾಶ ಕೊಟ್ಟಷ್ಟು ನಿಮ್ಮ ಬೆನ್ನನ್ನೂ. ಕಾರು ಕೊಟ್ಟವರ ಹೊಣೆ ರಾಜ್ಯದಿಂದ ರಾಜ್ಯಕ್ಕೆ ಬೇರೆ. ನ್ಯೂಯಾರ್ಕ್, ಫ್ಲೋರಿಡಾಗಳಲ್ಲಿ ಒಪ್ಪಿ ಕಾರು ಕೊಟ್ಟ ಮಾಲೀಕರೂ ಹೊಣೆಗಾರರು. ಯಾವ ರಾಜ್ಯದಲ್ಲಾದರೂ ಲೈಸೆನ್ಸ್ ಇಲ್ಲದವರಿಗೆ, ಕುಡಿದವರಿಗೆ ಗೊತ್ತಿದ್ದೂ ಕೀ ಕೊಟ್ಟರೆ ನಿಮ್ಮ ಮೇಲೂ ಕೇಸ್ ಹಾಕಬಹುದು. ಇನ್ನೂ ಒಂದು ವಿಷಯ, ಕೆಲವು ಪಾಲಿಸಿಗಳಲ್ಲಿ ನೀವು ದೊಡ್ಡ ಮಿತಿಗೆ ಪ್ರೀಮಿಯಂ ಕಟ್ಟಿದ್ದರೂ ಹೆಸರಿಲ್ಲದ ಡ್ರೈವರ್ ಓಡಿಸಿದಾಗ ರಾಜ್ಯದ ಕನಿಷ್ಠ ಮಿತಿಯಷ್ಟೇ ಸಿಗುತ್ತದೆ. ಇದನ್ನು ಏಜೆಂಟ್ ತಾನಾಗಿ ಹೇಳುವುದು ಕಡಿಮೆ, ನೀವೇ ಕೇಳಬೇಕು.

ಇದೆಲ್ಲ ಎದುರಿನವರಿಗೆ ಆದ ನಷ್ಟ. ನಿಮ್ಮ ಕಾರಿನ ರಿಪೇರಿಗೆ ಕೊಲಿಷನ್ ಅನ್ನುವ ಕವರೇಜ್ ಬೇರೆಯಾಗಿ ಇರಬೇಕು. ಸಾಲದ ಮೇಲೆ ಕೊಂಡ ಕಾರಾದರೆ ಬ್ಯಾಂಕಿನವರೇ ಅದನ್ನು ಹಾಕಿಸಿರುತ್ತಾರೆ. ಹಳೇ ಕಾರು ನಗದು ಕೊಟ್ಟು ಕೊಂಡವರು ದುಡ್ಡು ಉಳಿಸಲು ಬರೀ ಲಯಬಿಲಿಟಿ, ಅಂದರೆ ಎದುರಿನವರ ನಷ್ಟಕ್ಕೆ ಮಾತ್ರ ಕೊಡುವ ಕವರೇಜ್, ಹಾಕಿಸುತ್ತಾರೆ, ಅವರಿಗೆ ತಮ್ಮ ಕಾರಿಗೆ ಇದರಿಂದ ಒಂದು ಡಾಲರ್ ಕೂಡ ಬರುವುದಿಲ್ಲ. ಕೊಲಿಷನ್ ಇದ್ದರೂ ಡಿಡಕ್ಟಿಬಲ್ ನಿಮ್ಮದೇ. 1,000 ಡಾಲರ್ ಅಂತ ಪಾಲಿಸಿಯಲ್ಲಿದ್ದರೆ ಕಂಪನಿ ಅಷ್ಟನ್ನು ಹಿಡಿದುಕೊಂಡು ಉಳಿದದ್ದು ಕೊಡುತ್ತದೆ. ಕ್ಲೇಮ್ ದಾಖಲಾಗುವುದು ನಿಮ್ಮ ಪಾಲಿಸಿಯ ಮೇಲೆ, ಆಮೇಲೆ ಪ್ರೀಮಿಯಂ ಏರಿದರೆ ಕಟ್ಟುವವರೂ ನೀವೇ. ಕಂಪನಿಗಳು ನೋಡುವ ಕ್ಲೂ ಅನ್ನುವ ವರದಿಯಲ್ಲಿ ಕ್ಲೇಮ್‌ಗಳ ವಿವರ 7 ವರ್ಷದವರೆಗೆ ಇರುತ್ತದೆ. ಡಿಡಕ್ಟಿಬಲ್ ಯಾರು ಕೊಡಬೇಕು ಅಂತ ಗೆಳೆಯನ ಹತ್ತಿರ ಕೀ ಕೊಡುವ ಮೊದಲೇ ಮಾತಾಡಿಬಿಡಿ. ಸಂಕೋಚ ಆಗಬಹುದು, ಆದರೆ ಗುದ್ದಿದ ಮೇಲೆ ಆ ಮಾತು ಎತ್ತುವುದು ಇನ್ನೂ ಕಷ್ಟ ಅಲ್ವಾ.

ನಮ್ಮವರು ಹೆಚ್ಚು ತೊಂದರೆಗೆ ಸಿಕ್ಕಿಕೊಳ್ಳುವುದು ಹೊರಗಿನ ಗೆಳೆಯರಿಂದ ಅಲ್ಲ, ಒಂದೇ ಮನೆಯಲ್ಲಿ ಇರುವವರಿಂದ. ಯಾವಾಗಲೋ ಒಮ್ಮೆ ಓಡಿಸುವವರಿಗೆ ಇರುವ ಸಡಿಲ ಮನೆಯವರಿಗೆ ಇಲ್ಲ. ಮನೆಯಲ್ಲಿ ಓಡಿಸುವ ವಯಸ್ಸಿನವರು ಯಾರ‍್ಯಾರು ಇದ್ದಾರೆ ಅಂತ ಕಂಪನಿ ಕೇಳುತ್ತದೆ, ಎಷ್ಟೋ ಕಂಪನಿಗಳು ರೂಮ್‌ಮೇಟ್‌ಗಳನ್ನೂ ಕೇಳುತ್ತವೆ. ಪ್ರೀಮಿಯಂ ಜಾಸ್ತಿ ಆಗುತ್ತೆ ಅಂತ ಹೆಸರು ಮುಚ್ಚಿಟ್ಟು, ಅವರೇ ದಿನಾ ಓಡಿಸಿ ಅಪಘಾತ ಆದರೆ, ನೀವು ಸುಳ್ಳು ಮಾಹಿತಿ ಕೊಟ್ಟಿರಿ ಅಂತ ಕ್ಲೇಮ್ ತಿರಸ್ಕರಿಸಬಹುದು, ಪಾಲಿಸಿಯನ್ನೇ ರದ್ದು ಮಾಡಬಹುದು. ತಿಂಗಳಿಗೆ ಉಳಿಸಿದ ಸ್ವಲ್ಪ ದುಡ್ಡಿಗೆ ಇಷ್ಟು ದೊಡ್ಡ ಅಪಾಯ ಬೇಡ. ಹೆಂಡತಿಯೋ ಗಂಡನೋ ಲರ್ನರ್ಸ್ ಪರ್ಮಿಟ್‌ನಲ್ಲಿ ಕಲಿಯುತ್ತಿದ್ದರೆ ಆಗಲೇ ಏಜೆಂಟ್‌ಗೆ ತಿಳಿಸಿ. ಲೈಸೆನ್ಸ್ ಬಂದ ದಿನವೇ ಹೆಸರು ಸೇರಿಸಿ, ಮುಂದಿನ ರಿನ್ಯೂವಲ್‌ಗೆ ಕಾಯಬೇಡಿ.

ಪಾಲಿಸಿಯಲ್ಲಿ ಯಾರ ಹೆಸರಿನ ಮುಂದಾದರೂ ಎಕ್ಸ್‌ಕ್ಲೂಡೆಡ್ ಡ್ರೈವರ್ (ಪಾಲಿಸಿಯಿಂದ ಹೊರಗಿಟ್ಟವರು) ಅಂತ ಇದ್ದರೆ ಅವರ ಕೈಗೆ ಕೀ ಕೊಡಲೇಬೇಡಿ. ಅವರು ಓಡಿಸಿದರೆ ಹೆಚ್ಚಿನ ಕಡೆ ಯಾವ ಕವರೇಜೂ ಇರುವುದಿಲ್ಲ, ನಿಮ್ಮ ಒಪ್ಪಿಗೆ ಇದ್ದರೂ ಅಷ್ಟೇ.

ಅಪ್ಪ ಅಮ್ಮ ಬಂದಾಗ ಎರಡು ಪ್ರಶ್ನೆ ಬೇರೆ ಬೇರೆಯಾಗಿ ಕೇಳಿಕೊಳ್ಳಿ. ಅವರು ಇಲ್ಲಿ ಓಡಿಸಬಹುದಾ ಅನ್ನುವುದು ಒಂದು, ನಿಮ್ಮ ಪಾಲಿಸಿ ಅವರನ್ನು ಒಪ್ಪುತ್ತದಾ ಅನ್ನುವುದು ಇನ್ನೊಂದು. ಕ್ಯಾಲಿಫೋರ್ನಿಯಾದಲ್ಲಿ 18 ದಾಟಿದ ಪ್ರವಾಸಿಗರು ತಮ್ಮ ದೇಶದ ಚಾಲ್ತಿ ಲೈಸೆನ್ಸ್‌ನಲ್ಲಿ ಓಡಿಸಬಹುದು, ಬೇರೆ ಕೆಲವು ಕಡೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಕೂಡ ಕೇಳುತ್ತಾರೆ. ಅದನ್ನು ಭಾರತದಿಂದ ಹೊರಡುವ ಮೊದಲೇ ಆರ್‌ಟಿಒದಲ್ಲಿ ಮಾಡಿಸಿಕೊಂಡು ಬರಲಿ. ವಾರ ಎರಡು ವಾರಕ್ಕೆ ಬಂದವರನ್ನು ಕಂಪನಿ ಅತಿಥಿ ಅಂತ ನೋಡಬಹುದು, ಆದರೆ ಆರು ತಿಂಗಳು ಇರುವವರನ್ನು ಮನೆಯವರು ಅಂತಲೇ ಲೆಕ್ಕ ಹಾಕುವ ಸಾಧ್ಯತೆ ಇದೆ. ಏಜೆಂಟ್‌ಗೆ ಒಂದು ಫೋನ್ ಮಾಡಿದರೆ ತಿಳಿಯುತ್ತದೆ. ವಯಸ್ಸಾದವರು, ರಸ್ತೆಯ ಬಲಬದಿಯಲ್ಲಿ ಓಡಿಸಿ ಅಭ್ಯಾಸ ಇಲ್ಲದವರು, ಹೈವೇಗೆ ಇಳಿಯುವುದು ಬೇಡ ಅನ್ನುವುದು ನನ್ನ ಅಭಿಪ್ರಾಯ. ಇನ್ಶೂರೆನ್ಸ್ ದುಡ್ಡು ಕೊಡುತ್ತದೆ, ಅವರ ಮುರಿದ ಮೂಳೆಯ ನೋವು ತೆಗೆದುಕೊಳ್ಳುವುದಿಲ್ಲ.

ಗೆಳೆಯ ನಿಮ್ಮ ಕಾರಿನಲ್ಲಿ ಊಟ ಡೆಲಿವರಿ ಮಾಡುತ್ತೇನೆ ಅಂದರೆ ಬೇಡ ಅನ್ನಿ. ದುಡ್ಡಿಗಾಗಿ ಜನರನ್ನೋ ಸಾಮಾನನ್ನೋ ಸಾಗಿಸುವಾಗ ಆದ ಅಪಘಾತಕ್ಕೆ ಮಾಮೂಲಿ ಪಾಲಿಸಿ ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ಆಫೀಸಿಗೆ ಜೊತೆಯಲ್ಲಿ ಹೋಗಿ ಪೆಟ್ರೋಲ್ ಖರ್ಚು ಹಂಚಿಕೊಳ್ಳುವುದು ಬೇರೆ, ಅದಕ್ಕೆ ಸಾಮಾನ್ಯವಾಗಿ ತೊಂದರೆ ಇಲ್ಲ. ಬಾಡಿಗೆ ಕಾರಿನಲ್ಲಿ ಒಪ್ಪಂದದಲ್ಲಿ ಹೆಸರಿಲ್ಲದವರು ಸ್ಟೀರಿಂಗ್ ಹಿಡಿಯಬಾರದು. ಕಾರು ಕಳವಾಗಿ ಕಳ್ಳ ಗುದ್ದಿದರೆ ಎದುರಿನವರ ನಷ್ಟಕ್ಕೆ ಸಾಮಾನ್ಯವಾಗಿ ನೀವು ಹೊಣೆ ಅಲ್ಲ, ತಕ್ಷಣ ಪೊಲೀಸ್ ದೂರು ಕೊಡಿ. ನಿಮ್ಮ ಕಾರಿನ ನಷ್ಟ ಸಿಗಬೇಕಾದರೆ ಕಾಂಪ್ರಿಹೆನ್ಸಿವ್ ಅನ್ನುವ, ಕಳವಿನಂಥ ನಷ್ಟಕ್ಕೆ ಕೊಡುವ ಕವರೇಜ್ ಇರಬೇಕು. ಮಗ ಕೇಳದೆ ತೆಗೆದುಕೊಂಡು ಹೋದ ಅನ್ನುವುದನ್ನು ಮಾತ್ರ ಕಳವು ಅಂತ ಕಂಪನಿ ಸುಲಭಕ್ಕೆ ನಂಬುವುದಿಲ್ಲ.

ಅಪಘಾತ ಆಗಿಯೇ ಬಿಟ್ಟರೆ ಓಡಿಸಿದವರು ಅಲ್ಲಿಂದ ಹೊರಡಬಾರದು. ಯಾರಿಗಾದರೂ ಗಾಯ ಆಗಿದ್ದರೆ 911ಕ್ಕೆ ಫೋನ್ ಮಾಡಲಿ. ಎದುರಿನವರ ಲೈಸೆನ್ಸ್, ಇನ್ಶೂರೆನ್ಸ್ ಕಾರ್ಡ್, ನಂಬರ್ ಪ್ಲೇಟ್, ಎರಡೂ ಕಾರಿನ ಫೋಟೋ ತೆಗೆದುಕೊಳ್ಳಲಿ. ಕ್ಯಾಲಿಫೋರ್ನಿಯಾದಲ್ಲಿ ಯಾರಿಗಾದರೂ ಗಾಯ ಆದರೆ, ಅಥವಾ ಆಸ್ತಿಯ ನಷ್ಟ 1,000 ಡಾಲರ್ ದಾಟಿದರೆ, 10 ದಿನದೊಳಗೆ ಡಿಎಂವಿಗೆ (ಲೈಸೆನ್ಸ್ ಕೊಡುವ ಸರ್ಕಾರಿ ಇಲಾಖೆ) ಎಸ್ಆರ್-1 ಅನ್ನುವ ಅಪಘಾತ ವರದಿಯ ಫಾರ್ಮ್ ಕೊಡಬೇಕು. ತಪ್ಪು ಯಾರದೇ ಇರಲಿ, ಅದನ್ನು ಕೊಡಬೇಕಾದವರು ಓಡಿಸಿದವರು. ನೀವು ನಿಮ್ಮ ಕಂಪನಿಗೆ ಅದೇ ದಿನ ತಿಳಿಸಿ, ಗೆಳೆಯನೂ ತನ್ನ ಕಂಪನಿಗೆ ತಿಳಿಸಲಿ.

ಗೆಳೆಯನ ವೀಸಾಕ್ಕೆ ತೊಂದರೆ ಆದೀತು, ಲೈಸೆನ್ಸ್ ಹೋದೀತು ಅಂತ ಹೆದರಿ, ನಾನೇ ಓಡಿಸುತ್ತಿದ್ದೆ ಅಂತ ಹೇಳಲು ಹೋಗಬೇಡಿ. ಇದನ್ನು ಕೈ ಮುಗಿದು ಕೇಳುತ್ತೇವೆ. ಅದು ಇನ್ಶೂರೆನ್ಸ್ ವಂಚನೆ, ಅಪರಾಧ. ಬರೀ ದುಡ್ಡಿನ ತೊಂದರೆ ಆಗಿದ್ದದ್ದು ನಿಮ್ಮಿಬ್ಬರ ವೀಸಾದ ತೊಂದರೆ ಆಗಿಬಿಡುತ್ತದೆ.

ಏಜೆಂಟ್ ಜೊತೆ ಫೋನಿನಲ್ಲಿ ಏನೇ ಮಾತಾಡಿದರೂ ಅದನ್ನೇ ಇಮೇಲ್‌ನಲ್ಲಿ ಬರೆದು ಉತ್ತರ ತರಿಸಿಕೊಳ್ಳಿ. ನಮ್ಮ ಪಾಲಿಸಿಯಲ್ಲಿ ಯಾರ‍್ಯಾರ ಹೆಸರಿದೆ, ಹೆಸರಿಲ್ಲದವರು ಓಡಿಸಿದರೆ ಮಿತಿ ಕಡಿಮೆ ಆಗುತ್ತದಾ, ಅಪ್ಪ ಅಮ್ಮ ಬಂದರೆ ಎಷ್ಟು ದಿನದ ಮೇಲೆ ಸೇರಿಸಬೇಕು, ಇಷ್ಟು ಕೇಳಿದರೆ ಸಾಕು. ಪಾಲಿಸಿಯ ಕಾಗದ ಓದಿ ಅರ್ಥ ಆಗದಿದ್ದರೆ ನಮ್ಮ ಸಂಘದ ಸಹಾಯ ತಂಡಕ್ಕೆ ಹೇಳಿ, ಜೊತೆಯಲ್ಲಿ ಕೂತು ಓದೋಣ.