ಹುಟ್ಟಿನ ಅಳತೆ: ನೀರಿಗಿಳಿದು ನೋಡದೆ ಗರಗಸ ಹಾಕಬೇಡಿ

ನನ್ನದು ಮೂಲ್ಕಿಯಲ್ಲಿ ಚಿಕ್ಕದೊಂದು ಟೈಲರ್ ಅಂಗಡಿ. ವಾರಕ್ಕೆ ಮೂರು ದಿನ ಬೆಳಿಗ್ಗೆ ಆರಕ್ಕೆ ಶಾಂಭವಿ ಹೊಳೆಯಲ್ಲಿ ತೇಲುವ ಬೋರ್ಡ್ ಮೇಲೆ ನಿಂತು ಹುಟ್ಟು, ಅಂದರೆ ಪ್ಯಾಡಲ್, ಹಾಕುತ್ತೇನೆ. ಒಂಬತ್ತೂವರೆಗೆ ಅಂಗಡಿಯ ಬಾಗಿಲು ತೆಗೆಯುತ್ತೇನೆ. ಸ್ಟ್ಯಾಂಡ್‌ಅಪ್ ಪ್ಯಾಡಲಿಂಗ್ ಅಂತಾರಲ್ಲ, ಅದೇ. ನಮ್ಮಲ್ಲಿ ಈಗ ಇದು ಹೊಸದೇನಲ್ಲ. ಪಕ್ಕದ ಸಸಿಹಿತ್ಲು ಬೀಚ್‌ನಲ್ಲಿ 2024ರ ಮಾರ್ಚ್‌ನಲ್ಲಿ ಇಂಡಿಯಾ ಪ್ಯಾಡಲ್ ಫೆಸ್ಟಿವಲ್ ನಡೆಯಿತು, ಹೊರದೇಶದವರೂ ಬಂದು ಸ್ಪರ್ಧಿಸಿದರು. ಆಮೇಲೆ ನಮ್ಮೂರಲ್ಲಿ ಬೋರ್ಡ್ ಕೊಳ್ಳಬೇಕು ಅನ್ನುವವರು ಜಾಸ್ತಿಯಾದರು.

ಎಲ್ಲರೂ ಬೋರ್ಡ್ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ. ಹುಟ್ಟು? ಬೋರ್ಡ್ ಜೊತೆ ಬಂದದ್ದು ಸಾಕು ಅಂತಾರೆ. ನಾನೂ ಹಾಗೇ ಅಂದುಕೊಂಡು ಮೂರು ತಿಂಗಳು ಬಲ ಭುಜ ನೋಯಿಸಿಕೊಂಡೆ. ಕತ್ತರಿ ಹಿಡಿಯುವ ಕೈ ಅದು. ಮೊದಲ ಹುಟ್ಟು ಅಲ್ಯೂಮಿನಿಯಂನದು, ಉದ್ದ ಹೆಚ್ಚು ಕಡಿಮೆ ಮಾಡುವಂಥದ್ದು. "ನಿಮ್ಮ ಎತ್ತರಕ್ಕೆ ಒಂದಡಿ ಸೇರಿಸಿ ಇಟ್ಟುಕೊಳ್ಳಿ" ಅಂದರು ಕೊಟ್ಟವರು. ನಾನು 5 ಅಡಿ 4 ಇಂಚು, ಅಂದರೆ 163 ಸೆಂಟಿಮೀಟರ್. ಒಂದಡಿ ಸೇರಿಸಿ, ಚೂರು ಧಾರಾಳವೂ ಇರಲಿ ಅಂತ 195ಕ್ಕೆ ಇಟ್ಟೆ. ಮೇಲಿನ ಕೈ ಪ್ರತಿ ಸಲ ತಲೆಗಿಂತ ಮೇಲೆ ಹೋಗುತ್ತಿತ್ತು. ಭುಜ ನೋಯದೆ ಇನ್ನೇನಾಗುತ್ತದೆ ಮಾರಾಯ್ರೇ?

ತಪ್ಪು ಅದೊಂದೇ ಇರಲಿಲ್ಲ. ನನ್ನ ಅಳಿಯ, ಅಂದರೆ ಅಕ್ಕನ ಮಗ, ಪ್ರವಾಸಿಗರಿಗೆ ಬೋರ್ಡ್ ಮೇಲೆ ನಿಲ್ಲಲು ಕಲಿಸುತ್ತಾನೆ. ಒಂದು ದಿನ ದಡದಲ್ಲಿ ನಿಂತು ನೋಡಿ ನಕ್ಕ. "ಮಾವ, ಹುಟ್ಟು ಉಲ್ಟಾ ಹಿಡ್ಕೊಂಡಿದ್ದೀರಿ."

ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಉಲ್ಟಾ ಹಿಡಿದು ಎಷ್ಟು ಒಳ್ಳೆಯ ಹುಟ್ಟನ್ನು ಪರೀಕ್ಷೆ ಮಾಡಿದರೂ ಸುಮ್ನೆ. ಬ್ಲೇಡ್, ಅಂದರೆ ನೀರಿಗಿಳಿಯುವ ಚಪ್ಪಟೆ ತುದಿ, ಕೋಲಿನ ನೇರಕ್ಕೆ ಇರುವುದಿಲ್ಲ. ಸುಮಾರು 10 ಡಿಗ್ರಿ ಬಾಗಿರುತ್ತದೆ. ಆ ಬಾಗು ನಿಮ್ಮ ಕಡೆಗಲ್ಲ, ಬೋರ್ಡಿನ ಮೂತಿಯ ಕಡೆಗೆ ಇರಬೇಕು. ನೋಡಿದರೆ ಸೌಟಿನ ಹಾಗೆ ಬಾಚಿ ಎಳೆಯಬೇಕು ಅನಿಸುತ್ತದೆ, ಎಲ್ಲರಿಗೂ. ಹಾಗೆ ಹಿಡಿದರೆ ಬ್ಲೇಡ್ ನಿಮ್ಮ ಕಾಲಿನ ಹತ್ತಿರ ಬರುವ ಹೊತ್ತಿಗೆ ನೀರನ್ನು ಹಿಂದಕ್ಕೆ ತಳ್ಳುವುದು ಬಿಟ್ಟು ಮೇಲಕ್ಕೆ ಎತ್ತುತ್ತದೆ. ಬಾಗು ಮುಂದಿದ್ದರೆ ಬ್ಲೇಡ್ ಹೆಚ್ಚು ಹೊತ್ತು ನೀರಿನಲ್ಲಿ ನೆಟ್ಟಗೆ ನಿಲ್ಲುತ್ತದೆ.

ಈಗ ಕೊಳ್ಳುವ ವಿಷಯ.

ಅಲ್ಯೂಮಿನಿಯಂ, ಫೈಬರ್‌ಗ್ಲಾಸ್, ಕಾರ್ಬನ್, ಈ ಮೂರು ಜಾತಿಯ ಕೋಲು ಸಾಮಾನ್ಯ. ಅಲ್ಯೂಮಿನಿಯಂನದು ಒಂದು ಕೆಜಿ ಆಸುಪಾಸು ತೂಗುತ್ತದೆ, ಒಳ್ಳೆಯ ಕಾರ್ಬನ್‌ನದು ಅದರ ಅರ್ಧದಷ್ಟು. ಫೈಬರ್‌ಗ್ಲಾಸ್ ನಡುವಿನದು. "ಅರ್ಧ ಕೆಜಿ ಏನು ಮಹಾ" ಅಂತ ನಾನೂ ಅಂದಿದ್ದೆ. ಲೆಕ್ಕ ಹಾಕಿ ನೋಡಿ. ನಿಮಿಷಕ್ಕೆ 40 ಸಲ ಹುಟ್ಟು ಹಾಕಿದರೆ ಗಂಟೆಗೆ 2,400 ಸಲ ಎತ್ತಿ ಇಳಿಸುತ್ತೀರಿ. ಬರೀ 300 ಗ್ರಾಂ ವ್ಯತ್ಯಾಸವಿದ್ದರೂ ಗಂಟೆಗೆ 720 ಕೆಜಿ ಹೆಚ್ಚುವರಿ. ಹದಿನಾಲ್ಕೂವರೆ ಮೂಟೆ ಅಕ್ಕಿ! ಹಾಗಂತ ಮೊದಲ ದಿನವೇ ಕಾರ್ಬನ್‌ಗೆ ದುಡ್ಡು ಸುರಿಯಬೇಡಿ. ಕಲಿಯುವಾಗ ಹುಟ್ಟನ್ನು ಬೋರ್ಡಿನ ಅಂಚಿಗೆ ಬಡಿಯುತ್ತೀರಿ, ಕಲ್ಲಿಗೆ ಕುಟ್ಟುತ್ತೀರಿ, ಮರಳಲ್ಲಿ ಊರಿಕೊಂಡು ನಿಲ್ಲುತ್ತೀರಿ. ಅದಕ್ಕೆಲ್ಲ ಅಲ್ಯೂಮಿನಿಯಂ ಸಾಕು. ನಿಮ್ಮ ಅಳತೆ ಯಾವುದು ಅಂತ ತಿಳಿಸಿಕೊಡುವುದೂ ಅದೇ ಉದ್ದ ಬದಲಿಸುವ ಅಗ್ಗದ ಹುಟ್ಟು. ಮುಂದೆ ಹೇಳುತ್ತೇನೆ.

ಬ್ಲೇಡಿನ ಗಾತ್ರದಲ್ಲಿ ಜನ ಹೆಚ್ಚು ಮೋಸ ಹೋಗುತ್ತಾರೆ. ದೊಡ್ಡದಿದ್ದರೆ ಜೋರಾಗಿ ಹೋಗುತ್ತದೆ ಅನ್ನುವ ಆಸೆ. ಬ್ಲೇಡಿನ ಅಳತೆಯನ್ನು ಚದರ ಇಂಚಿನಲ್ಲಿ ಹೇಳುತ್ತಾರೆ. 80ರಿಂದ 85 ಅಂದರೆ ಚಿಕ್ಕದು, 90ರಿಂದ 95 ಮಧ್ಯಮ, 100 ದಾಟಿದರೆ ದೊಡ್ಡದು. ಅಗ್ಗದ ಹುಟ್ಟುಗಳಲ್ಲಿ ಈ ಅಂಕಿ ಬರೆದೇ ಇರುವುದಿಲ್ಲ. ನಾನು ಏನು ಮಾಡಿದೆ ಗೊತ್ತಾ? ಪ್ಯಾಂಟಿನ ಕಟಿಂಗ್‌ಗೆ ಬಳಸುವ ಖಾಕಿ ಕಾಗದ ಹಾಸಿ, ಮೇಲೆ ಬ್ಲೇಡ್ ಇಟ್ಟು, ಪೆನ್ಸಿಲಿನಿಂದ ಸುತ್ತ ಗೆರೆ ಎಳೆದೆ. ಒಳಗೆಲ್ಲ ಒಂದೊಂದು ಇಂಚಿನ ಚೌಕ ಹಾಕಿದೆ. ಪೂರ್ತಿ ಚೌಕಗಳನ್ನು ಎಣಿಸಿದೆ. ಅಂಚಿನಲ್ಲಿ ತುಂಡಾದವುಗಳನ್ನು ಎರಡೆರಡು ಸೇರಿಸಿ ಒಂದು ಅಂತ ಹಿಡಿದೆ. 104 ಬಂತು! 62 ಕೆಜಿಯ ನನಗೆ ಅದು ಎರಡು ಸೈಜ್ ದೊಡ್ಡ ಅಂಗಿ ಇದ್ದ ಹಾಗೆ. ಈಗ ನನ್ನದು 84. ಪ್ರತಿ ಎಳೆತ ಹಗುರ, ಲಯ ಚುರುಕು, ಮೊಣಕೈ ಮಾರನೇ ದಿನ ಮಾತಾಡುವುದಿಲ್ಲ. ಅಳಿಯ 80 ಕೆಜಿ, ಗಟ್ಟಿ ಆಳು. ಅವನಿಗೆ 95 ಸರಿ.

ಕೊಳ್ಳುವಾಗ ಬ್ಲೇಡಿನ ಎಳೆಯುವ ಮುಖದ ಮೇಲೆ, ಅಂದರೆ ನಿಮ್ಮ ಕಡೆ ತಿರುಗುವ ಮುಖದ ಮೇಲೆ, ಬೆರಳಾಡಿಸಿ. ನಡುವೆ ಉದ್ದಕ್ಕೆ ಒಂದು ಏಣು ಸಿಗುತ್ತದೆಯಾ ನೋಡಿ, ಮನೆ ಮಾಡಿನ ನೆತ್ತಿಯ ಹಾಗೆ. ಮಾಡಿನ ಮೇಲೆ ಬಿದ್ದ ಮಳೆ ಎರಡೂ ಕಡೆ ಇಳಿದು ಹೋಗುತ್ತದಲ್ಲ, ಹಾಗೇ ನೀರು ಎರಡೂ ಅಂಚಿಗೆ ಸಮನಾಗಿ ಜಾರುತ್ತದೆ. ಆಗ ಬ್ಲೇಡ್ ಆಚೀಚೆ ಅದುರುವುದಿಲ್ಲ. ಹೊಸಬರಿಗೆ ಇದು ಇದ್ದರೆ ಒಳ್ಳೆಯದು.

ಇನ್ನು ಕೋಲಿನ ದಪ್ಪ. ಸಾಮಾನ್ಯವಾಗಿ 29 ಮಿಲಿಮೀಟರ್ ಇರುತ್ತದೆ. ಕೈ ಚಿಕ್ಕದಿದ್ದವರು ಸಪೂರದ್ದನ್ನು ಹುಡುಕಿ. ನನ್ನ ಹೆಂಡತಿ ಹತ್ತು ನಿಮಿಷಕ್ಕೇ ಬೆರಳು ನೋವು ಅನ್ನುತ್ತಿದ್ದಳು, ಸಪೂರದ ಕೋಲು ಕೊಟ್ಟ ಮೇಲೆ ಆ ಮಾತು ನಿಂತಿತು.

ಈಗ ಉದ್ದ. ನಾನು ಬರೆಯಲು ಕೂತದ್ದೇ ಇದಕ್ಕೆ.

ಅಂಗಡಿಯಲ್ಲಿ ನೋಡುವ ಅಂದಾಜು ಹೀಗೆ. ಹುಟ್ಟನ್ನು ಪಕ್ಕದಲ್ಲಿ ನೆಟ್ಟಗೆ ನಿಲ್ಲಿಸಿ ಕೈ ಮೇಲೆತ್ತಿ. ಕೋಲಿನ ಮೇಲ್ತುದಿಯ ಹಿಡಿ ನಿಮ್ಮ ಮಣಿಕಟ್ಟಿನ ಹತ್ತಿರ ಬಂದರೆ ಸುಮಾರಾಗಿ ಸರಿ. ಅಂಕಿಯಲ್ಲಿ ಹೇಳುವುದಾದರೆ ಎತ್ತರಕ್ಕೆ 15ರಿಂದ 25 ಸೆಂಟಿಮೀಟರ್ ಸೇರಿಸಿ. ಹೊಳೆಯಲ್ಲಿ ದೂರ ಹೋಗುವವರಿಗೆ ಚೂರು ಉದ್ದ, ಸಮುದ್ರದ ಅಲೆಯಲ್ಲಿ ಆಡುವವರಿಗೆ ಗಿಡ್ಡ. ಅಲೆಯಲ್ಲಿ ಮಂಡಿ ಬಗ್ಗಿಸಿಕೊಂಡೇ ಇರುತ್ತೀರಿ, ಪಟಪಟ ಕಡೆ ಬದಲಿಸಬೇಕು, ಅದಕ್ಕೆ.

ಆದರೆ ಇದು ನೆಲದ ಮೇಲಿನ ಅಳತೆ. ನೀವು ನಿಲ್ಲುವುದು ಬೋರ್ಡಿನ ಮೇಲೆ. ಗಾಳಿ ತುಂಬುವ ಬೋರ್ಡ್ ಸಾಧಾರಣ 15 ಸೆಂಟಿಮೀಟರ್ ದಪ್ಪ, ನೀರಿನ ಮೇಲೆ ಎತ್ತರಕ್ಕೆ ತೇಲುತ್ತದೆ. ಗಟ್ಟಿ ಬೋರ್ಡ್ ಅದಕ್ಕಿಂತ ತೆಳು, ಕೆಳಗೆ ಕೂರುತ್ತದೆ. ಅದೇ ಮನುಷ್ಯ, ಅದೇ ಹೊಳೆ, ಬೋರ್ಡ್ ಬದಲಾದರೆ ಹುಟ್ಟಿನ ಉದ್ದವೂ ಮೂರು ನಾಲ್ಕು ಸೆಂಟಿಮೀಟರ್ ಬದಲಾಗುತ್ತದೆ. ಇದು ಗೊತ್ತಿಲ್ಲದೆ ಗೆಳೆಯನೊಬ್ಬನ ಹೊಸ, ಅಳತೆಗೆ ಕತ್ತರಿಸಿ ಬಳಸುವಂಥ ಕಾರ್ಬನ್ ಹುಟ್ಟನ್ನು ಅಂಗಡಿಯಲ್ಲೇ, ಅವನನ್ನು ಬರಿಗಾಲಲ್ಲಿ ನಿಲ್ಲಿಸಿ, ಟೇಪ್ ಹಿಡಿದು, ಗುರುತು ಹಾಕಿ ಕತ್ತರಿಸಿಬಿಟ್ಟೆ. ನಲವತ್ತು ಸೆಂಟಿಮೀಟರ್ ಒಂದೇ ಏಟಿಗೆ. ಬೋರ್ಡ್ ಹತ್ತಿದ ಮೇಲೆ ಪಾಪ, ಬ್ಲೇಡ್ ಪೂರ್ತಿ ಮುಳುಗಿಸಬೇಕಾದರೆ ಸೊಂಟ ಬಗ್ಗಿಸಬೇಕು. ಐದು ಸೆಂಟಿಮೀಟರ್ ಗಿಡ್ಡ. ಬಟ್ಟೆಯಾದರೆ ಒಳಗೆ ಮಡಚಿಟ್ಟ ಅಂಚು ಬಿಚ್ಚಿ ಇಳಿಸಿಕೊಡುತ್ತಿದ್ದೆ. ಕಾರ್ಬನ್‌ನಲ್ಲಿ ಮಡಿಕೆ ಎಲ್ಲಿ? ಆ ಹುಟ್ಟನ್ನು ನಾನೇ ದುಡ್ಡು ಕೊಟ್ಟು ಇಟ್ಟುಕೊಂಡೆ. ಈಗ ಅದು ಹೆಂಡತಿಯದು.

ಅದಕ್ಕೇ ಮೊದಲು ಉದ್ದ ಬದಲಿಸುವ ಅಗ್ಗದ ಹುಟ್ಟಿನಲ್ಲಿ ಟ್ರಯಲ್ ನೋಡಿ. ನಾನು ಮಾಡಿದ್ದು ಹೀಗೆ: ಕೋಲಿನ ಮೇಲೆ ಬಿಳಿ ಇನ್ಸುಲೇಷನ್ ಟೇಪಿನಿಂದ ನಾಲ್ಕು ಗುರುತು. 195, 188, 183, 178. ಉಬ್ಬರ ಇಳಿತಗಳ ನಡುವೆ ನೀರು ನಿಂತ ಹಾಗಿರುವ ಹೊತ್ತು ನೋಡಿಕೊಂಡು, ಗಾಳಿ ಏಳುವ ಮೊದಲೇ ಇಳಿದೆ. ನಮ್ಮಲ್ಲಿ ಮಧ್ಯಾಹ್ನ ಪಡುಗಾಳಿ ಶುರುವಾದರೆ ಯಾವ ಲೆಕ್ಕವೂ ನಿಲ್ಲುವುದಿಲ್ಲ. ದೋಣಿ ಕಟ್ಟುವ ಜಾಗದಿಂದ ಹೊಳೆಗೆ ಬಗ್ಗಿದ ಒಂದು ತೆಂಗಿನ ಮರದವರೆಗೆ ಹೋದೆ, ವಾಪಸ್ ಬಂದೆ. ಹೋಗಿ ಬರಲೇಬೇಕು. ಒಂದೇ ಕಡೆ ಹೋದರೆ ಹರಿವು ನಿಮಗೆ ಸುಳ್ಳು ಹೇಳುತ್ತದೆ. ಪ್ರತಿ ಉದ್ದಕ್ಕೂ ಎಷ್ಟು ಎಳೆತ, ಎಷ್ಟು ನಿಮಿಷ ಅಂತ ಅಳಿಯ ದಡದಲ್ಲಿ ಬರೆದುಕೊಂಡ. 195ರಲ್ಲಿ 118 ಎಳೆತ, 188ರಲ್ಲಿ 112, 183ರಲ್ಲಿ 109, 178ರಲ್ಲಿ ಮತ್ತೆ 113. ಹೊತ್ತೂ 183ರಲ್ಲೇ ಕಡಿಮೆ.

ಎಳೆತದ ಲೆಕ್ಕವೊಂದನ್ನೇ ನಂಬಬೇಡಿ. ಚಿಕ್ಕ ಬ್ಲೇಡಿನಲ್ಲಿ ಎಳೆತ ಜಾಸ್ತಿಯಾಗುತ್ತದೆ, ಆದರೂ ದಣಿವು ಕಡಿಮೆ ಇರಬಹುದು. ದಡದಲ್ಲಿ ಇರುವವರಿಗೆ ಪಕ್ಕದಿಂದ ಮೊಬೈಲಲ್ಲಿ ವಿಡಿಯೊ ತೆಗೆಯಲು ಹೇಳಿ. ಬ್ಲೇಡ್ ಕೋಲಿಗೆ ಸೇರುವ ಕುತ್ತಿಗೆಯವರೆಗೆ ಮುಳುಗಿದ ಕ್ಷಣದಲ್ಲಿ ನಿಲ್ಲಿಸಿ ನೋಡಿ. ಮೇಲಿನ ಕೈ ಹೆಚ್ಚು ಕಡಿಮೆ ಕಣ್ಣಿನ ಮಟ್ಟದಲ್ಲಿ ಇರಬೇಕು. ನೆತ್ತಿ ದಾಟಿದರೆ ಉದ್ದ ಜಾಸ್ತಿ. ಬೆನ್ನು ಗೂನಾಗಿದ್ದರೆ ಗಿಡ್ಡ. ಆಮೇಲೆ ಹತ್ತು ಸಲ ಬಲ ಹಾಕಿ ಎಳೆಯಿರಿ. ಕೈಯಲ್ಲಿ ನಡುಕ ಬಂದರೆ ಬ್ಲೇಡ್ ಅದುರುತ್ತಿದೆ ಅಂತ. ಹಿಡಿಯನ್ನು ಬಿಗಿಯಾಗಿ ಹಿಡಿದು ಆ ಅದುರನ್ನು ಮುಚ್ಚಬೇಡಿ, ಬೆರಳು ಸಡಿಲ ಬಿಟ್ಟೇ ನೋಡಿ. ಕೊನೆಗೆ ದಡದ ಹತ್ತಿರ, ಎದೆಮಟ್ಟದ ನೀರಿನಲ್ಲಿ ಹುಟ್ಟನ್ನು ಐದು ನಿಮಿಷ ತೇಲಲು ಬಿಡಿ. ಕೋಲಿನೊಳಗೆ ನೀರು ಹೋಗುವಂತಿದ್ದರೆ ಅಲ್ಲೇ ಗೊತ್ತಾಗುತ್ತದೆ. ಅಳಿವೆ ಬಾಗಿಲಲ್ಲಿ ಕೈ ಜಾರಿದ ಮೇಲೆ ಗೊತ್ತಾಗಿ ಏನು ಪ್ರಯೋಜನ?

ಇಷ್ಟಾದ ಮೇಲೆ ಗರಗಸ. ಕತ್ತರಿಸಿ ಬಳಸುವ ಹುಟ್ಟುಗಳಲ್ಲಿ ಹಿಡಿಯನ್ನು ಅಂಟಿಸಿರುವುದಿಲ್ಲ. ಹಿಡಿಯನ್ನು ಸುಮ್ನೆ ಕೋಲಿಗೆ ತೂರಿಸಿ, ಬ್ಲೇಡಿನ ತುದಿಯಿಂದ ಹಿಡಿಯ ನೆತ್ತಿಯವರೆಗೆ ಅಳೆಯಿರಿ. ಕೋಲನ್ನು ಮಾತ್ರ ಅಳೆದರೆ ಹಿಡಿಯ ಎತ್ತರ ಲೆಕ್ಕಕ್ಕೆ ಸಿಗುವುದಿಲ್ಲ. ನನ್ನ ಹೊಸ ಹುಟ್ಟು 218 ಇತ್ತು, ಬೇಕಾದದ್ದು 183. ಮೊದಲ ದಿನ 28 ಮಾತ್ರ ತೆಗೆದು 190 ಮಾಡಿದೆ. ಕತ್ತರಿಸುವ ಜಾಗಕ್ಕೆ ಟೇಪನ್ನು ಎರಡು ಸುತ್ತು ಬಿಗಿಯಾಗಿ ಸುತ್ತಿ, ಸಣ್ಣ ಹಲ್ಲಿನ ಹ್ಯಾಕ್ಸಾ ಬ್ಲೇಡಿನಿಂದ, ಕೋಲನ್ನು ತಿರುಗಿಸುತ್ತಾ ಕೊಯ್ಯಿರಿ. ಒತ್ತಿ ಕೊಯ್ದರೆ ಎಳೆ ಸೀಳುತ್ತದೆ. ಮಾಸ್ಕ್ ಹಾಕಿಕೊಳ್ಳಿ, ತುಂಬು ತೋಳಿನ ಅಂಗಿಯೂ ಇರಲಿ. ಕಾರ್ಬನ್ ಪುಡಿ ಮೈಗೆ ಬಿದ್ದರೆ ಎರಡು ದಿನ ತುರಿಸುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ, ಗುಡಿಸಬೇಡಿ. ನಾನು ಗುಡಿಸಿದ್ದೆ, ಅದೂ ಮದುವೆ ಬ್ಲೌಸ್‌ಗಳು ನೇತಾಡುತ್ತಿದ್ದ ಅಂಗಡಿಯಲ್ಲಿ. ಮುಂದಿನ ಕಥೆ ಬೇಡ.

ಹಿಡಿ ಅಂಟಿಸಲು ಹಾಟ್ ಗ್ಲೂ ಕಡ್ಡಿ ಬಳಸಿ, ಎಪಾಕ್ಸಿ ಬೇಡ. ಎಪಾಕ್ಸಿ ಮಿಷನ್ ಹೊಲಿಗೆ, ಹಾಟ್ ಗ್ಲೂ ಕಚ್ಚಾ ಹೊಲಿಗೆ. ಬಿಸಿ ಗಾಳಿ ಹಿಡಿದರೆ ಕರಗಿ ಬಿಟ್ಟುಕೊಡುತ್ತದೆ, ಇನ್ನೆರಡು ಸೆಂಟಿಮೀಟರ್ ತೆಗೆದು ಮತ್ತೆ ಹಾಕಬಹುದು. ಅಂಟು ಕರಗಿಸಿ ಹಿಡಿಯ ಕಾಲಿಗೆ ಸುತ್ತಲೂ ಬಳಿದು ಒಳಗೆ ಒತ್ತಿ, ಗಟ್ಟಿಯಾಗುವ ಮೊದಲು ಬೇಗ ನೇರ ಮಾಡಿ. ನೇರ ನೋಡುವುದಕ್ಕೆ ನನ್ನ ಕಟಿಂಗ್ ಮೇಜೇ ಸಾಕು. ಬ್ಲೇಡಿನ ಎರಡೂ ಅಂಚು ಮೇಜಿಗೆ ಸಮನಾಗಿ ತಾಗುವ ಹಾಗೆ ಮಲಗಿಸಿ, ಹಿಡಿಯ ಎಡ ತುದಿ, ಬಲ ತುದಿ ಮೇಜಿನಿಂದ ಎಷ್ಟು ಎತ್ತರ ಅಂತ ಅಳೆಯಿರಿ. ಎರಡೂ ಒಂದೇ ಬರಬೇಕು. ಚೂರು ತಿರುಚಿದ್ದರೂ ಪ್ರತಿ ಎಳೆತದಲ್ಲಿ ಬ್ಲೇಡ್ ಓರೆಯಾಗಿ ಇಳಿಯುತ್ತದೆ, ತಪ್ಪು ನಿಮ್ಮದು ಅಂತ ನೀವು ತಿಂಗಳುಗಟ್ಟಲೆ ಅಂದುಕೊಳ್ಳುತ್ತೀರಿ.

190ರಲ್ಲಿ ಒಂದು ವಾರ, 186ರಲ್ಲಿ ಒಂದು ವಾರ ಹೋದೆ. ಕೊನೆಗೆ ನಿಂತದ್ದು 184ಕ್ಕೆ. ಅಗ್ಗದ ಹುಟ್ಟು ಹೇಳಿದ 183 ಅಲ್ಲ, ಒಂದು ಸೆಂಟಿಮೀಟರ್ ಮೇಲೆ. ಬ್ಲೇಡಿನ ಆಕಾರ ಬೇರೆಯಲ್ವಾ.

ಕೆಳಗಿನ ಕೈ ಹಿಡಿಯುವ ಜಾಗಕ್ಕೆ ಬ್ಯಾಡ್ಮಿಂಟನ್ ರಾಕೆಟ್ಟಿನ ಗ್ರಿಪ್ ಟೇಪ್ ಸುತ್ತಿದ್ದೇನೆ. ಬೆವರು, ಉಪ್ಪುನೀರು ಎರಡಕ್ಕೂ ಜಾರುವುದಿಲ್ಲ. ಬ್ಲೇಡಿನ ಅಂಚಿಗೆ ಒಂದು ಪದರ ಟೇಪ್ ಅಂಟಿಸಿದರೆ ಬೋರ್ಡಿಗೂ ಒಳ್ಳೆಯದು, ಬ್ಲೇಡಿಗೂ ಒಳ್ಳೆಯದು. ಉದ್ದ ಬದಲಿಸುವ ಹುಟ್ಟಾದರೆ ಪ್ರತಿ ಸಲ ಬಿಚ್ಚಿ ಸಿಹಿನೀರಲ್ಲಿ ತೊಳೆದು, ಬಿಚ್ಚಿಯೇ ಒಣಗಿಸಿ. ಮರಳು ಮತ್ತು ಉಪ್ಪು ಸೇರಿ ಒಮ್ಮೆ ಕಚ್ಚಿಕೊಂಡರೆ ಇಬ್ಬರು ಎಳೆದರೂ ಬರುವುದಿಲ್ಲ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಮಾತ್ರ ಇಡಬೇಡಿ, ಹಾಟ್ ಗ್ಲೂ ಮೆತ್ತಗಾಗಿ ಹಿಡಿ ತಿರುಗಿಬಿಡುತ್ತದೆ. ಏಪ್ರಿಲ್‌ನಲ್ಲಿ ನನಗೆ ಹೊಳೆಯ ನಡುವೆ ಹಾಗಾಯಿತು. ಲೈಫ್ ಜಾಕೆಟ್ ಇತ್ತು, ಮೊಣಕಾಲೂರಿ ಕೂತು ನಿಧಾನಕ್ಕೆ ದಡ ಸೇರಿದೆ.

ಗೆಳೆಯನ ಹುಟ್ಟಿನಿಂದ ಕತ್ತರಿಸಿದ ಆ ನಲವತ್ತು ಸೆಂಟಿಮೀಟರ್ ತುಂಡು ಇನ್ನೂ ನನ್ನ ಅಂಗಡಿಯಲ್ಲಿದೆ. ಲೈನಿಂಗ್ ಬಟ್ಟೆ ಸುತ್ತಿಡಲು ಬಹಳ ಚೆನ್ನಾಗಿದೆ.