ಮಳೆಗಾಲದ ಕೀಲುನೋವಿಗೆ ಲಕ್ಕಿಸೊಪ್ಪಿನ ಶಾಖ

ಕೊಡಗಿನಲ್ಲಿ ಮಳೆ ಹಿಡಿದು ಕೂತರೆ, ವರ್ಷವಿಡೀ ಕಾಫಿ ತೋಟದ ಇಳಿಜಾರನ್ನು ಹತ್ತಿಳಿದ ಮೊಣಕಾಲುಗಳು ಎಲ್ಲಕ್ಕಿಂತ ಮೊದಲು ತಕರಾರು ತೆಗೆಯುತ್ತವೆ. ಇಂಥ ನೋವಿಗೆ ಮನೆಯಲ್ಲೇ ಮಾಡಬಹುದಾದವುಗಳಲ್ಲಿ ನಾನು ಮೊದಲು ಹೇಳುವುದು ಲಕ್ಕಿಸೊಪ್ಪಿನ ಶಾಖವನ್ನು. ಅದು ಹೊಟ್ಟೆಗೆ ಹೋಗುವ ಮದ್ದಲ್ಲ, ಆದ್ದರಿಂದ ಅಪಾಯವೂ ಕಡಿಮೆ.

ಕೆಲವರು ನೆಕ್ಕಿ ಎಂದೂ ಕರೆಯುವ ಈ ಗಿಡದಲ್ಲಿ ಒಂದೇ ತೊಟ್ಟಿನ ತುದಿಗೆ ಬೆರಳು ಬಿಡಿಸಿದ ಅಂಗೈಯಂತೆ ಐದು, ಕೆಲವೊಮ್ಮೆ ಮೂರು ಎಲೆಗಳಿರುತ್ತವೆ. ಎಲೆಯ ಮೇಲ್ಭಾಗ ಹಸಿರು, ಅಡಿಭಾಗ ಬೂದಿ ಬಳಿದಂತೆ ಬಿಳಿಚು. ಹಿಸುಕಿದರೆ ಘಾಟು ವಾಸನೆ ಬರುತ್ತದೆ. ಎರಡು ಹಿಡಿ ಸೊಪ್ಪನ್ನು ತೊಳೆದು, ನೀರಾರುವವರೆಗೆ ನೆರಳಿನಲ್ಲಿ ಹರಡಿಡಬೇಕು. ಒದ್ದೆ ಸೊಪ್ಪನ್ನು ಬಿಸಿ ಎಣ್ಣೆಗೆ ಹಾಕಿದರೆ ಸಿಡಿಯುತ್ತದೆ. ಕಬ್ಬಿಣದ ಬಾಣಲೆಯಲ್ಲಿ ಒಂದು ಚಮಚ ಎಳ್ಳೆಣ್ಣೆ ಕಾಯಿಸಿ, ಸೊಪ್ಪನ್ನು ಹಾಕಿ, ಅದು ಬಾಡಿ ಬಣ್ಣ ಕಪ್ಪಾಗುವವರೆಗೆ ಸಣ್ಣ ಉರಿಯಲ್ಲಿ ಬಾಡಿಸಿ, ಹಳೆಯ ಹತ್ತಿ ಪಂಚೆಯ ಎರಡು ತುಂಡುಗಳಲ್ಲಿ ಗಂಟು ಕಟ್ಟಬೇಕು. ಎರಡು ಗಂಟುಗಳಿದ್ದರೆ ಒಂದು ಮೊಣಕಾಲಿನ ಮೇಲಿರುವಾಗ ಇನ್ನೊಂದು ಬಾಣಲೆಯಲ್ಲಿ ಬಿಸಿಯಾಗುತ್ತಿರುತ್ತದೆ. ಪ್ರತಿ ಸಲವೂ ಮೊದಲು ಮಣಿಕಟ್ಟಿನ ಒಳಬದಿಗೆ ತಾಗಿಸಿ ನೋಡಿ, ಅನಂತರ ಉಜ್ಜದೆ ಒತ್ತಿ ಒತ್ತಿ ತೆಗೆಯುತ್ತ ಹತ್ತು ಹದಿನೈದು ನಿಮಿಷ ಶಾಖ ಕೊಟ್ಟರೆ ಸಾಕು. ಸಕ್ಕರೆ ಕಾಯಿಲೆಯಿಂದ ಕಾಲಿನ ಸ್ಪರ್ಶ ಮಂದವಾದವರಿಗೆ ಇದನ್ನು ಮಾಡಲೇಬಾರದು, ಸುಟ್ಟದ್ದು ಅವರಿಗೆ ತಿಳಿಯುವುದಿಲ್ಲ. ಕೀಲು ಕೆಂಪಾಗಿ, ಮುಟ್ಟಿದರೆ ಬಿಸಿಯಾಗಿ ಊದಿಕೊಂಡಿದ್ದರೂ ಶಾಖ ಬೇಡ.

ಲಕ್ಕಿಯ ಸಾರ ಉರಿಯೂತವನ್ನು ತಗ್ಗಿಸುವುದು ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಿದೆ. ಆದರೆ ನಮ್ಮ ಗಂಟಿನಿಂದ ಸಿಗುವ ಆರಾಮದಲ್ಲಿ ಸೊಪ್ಪಿನ ಪಾಲೆಷ್ಟು, ಬರೀ ಬಿಸಿಯ ಪಾಲೆಷ್ಟು ಎಂದು ಬೇರ್ಪಡಿಸುವುದು ಕಷ್ಟ.

ಹೊಟ್ಟೆಗೆ ತೆಗೆದುಕೊಳ್ಳುವುದಾದರೆ ಅರಿಶಿನವನ್ನು ತೋಟದ ಕಾಳುಮೆಣಸಿನ ಜೊತೆ ಸೇರಿಸಿ. ಅರಿಶಿನದ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು ಬಹಳ ಕಡಿಮೆ. 1998ರಲ್ಲಿ ಪ್ರಕಟವಾದ ಬೆಂಗಳೂರಿನ ಅಧ್ಯಯನವೊಂದರಲ್ಲಿ 2 ಗ್ರಾಂ ಕರ್ಕ್ಯುಮಿನ್ ಜೊತೆ ಮೆಣಸಿನ ಪೈಪೆರಿನ್ 20 ಮಿಲಿಗ್ರಾಂ ಕೊಟ್ಟಾಗ, ಅದು ಮನುಷ್ಯರ ದೇಹಕ್ಕೆ ಸೇರುವ ಪ್ರಮಾಣ ಶೇ. 2000ದಷ್ಟು ಹೆಚ್ಚಿತು. ಅದು ಶುದ್ಧ ಕರ್ಕ್ಯುಮಿನ್‌ನ ಲೆಕ್ಕ. ಕಾಲು ಚಮಚ ಅರಿಶಿನ ಮತ್ತು ಒಂದು ಚಿಟಿಕೆ ಮೆಣಸಿನ ಪುಡಿ ಹಾಕಿದ ಲೋಟ ಹಾಲಿನಿಂದ ಅಷ್ಟನ್ನು ನಿರೀಕ್ಷಿಸುವಂತಿಲ್ಲ. ಹಾಗೆಂದು ಕ್ಯಾಪ್ಸೂಲ್‌ಗೆ ಓಡುವುದೂ ಬೇಡ: ರಕ್ತ ತೆಳುಮಾಡುವ ಮಾತ್ರೆ ನುಂಗುವವರು ಮತ್ತು ಪಿತ್ತಕೋಶದಲ್ಲಿ ಕಲ್ಲಿರುವವರು ವೈದ್ಯರನ್ನು ಕೇಳದೆ ಅದನ್ನು ಮುಟ್ಟಬಾರದು.

ಕೊಡವರ ಕಕ್ಕಡ ತಿಂಗಳ ಹದಿನೆಂಟರಂದು ಪ್ರತಿ ಮನೆಯಲ್ಲಿ ಕುದಿಯುವ ಮದ್ದು ಸೊಪ್ಪಿನ ನೇರಳೆ ಪಾಯಸವನ್ನೂ ಕೀಲುನೋವಿನ ಚಿಕಿತ್ಸೆಯೆಂದು ಕೆಲವರು ಹೇಳುತ್ತಾರೆ. ವರ್ಷಕ್ಕೊಮ್ಮೆ ತಿನ್ನುವ ಹಬ್ಬದ ಅಡುಗೆಯಿಂದ ದೀರ್ಘಕಾಲದ ಉರಿಯೂತ ವಾಸಿಯಾಗುವುದೆಂದು ನಾನು ನಂಬುವುದಿಲ್ಲ. ಮರುದಿನ ಮೂತ್ರ ಕೆಂಪಗಾದರೆ ಗಾಬರಿ ಬೇಡ, ಅದು ಸೊಪ್ಪಿನ ಬಣ್ಣ.

ಅಮೃತಬಳ್ಳಿಯ ಕಷಾಯದ ಬಗ್ಗೆ ಹೆಚ್ಚು ಎಚ್ಚರ ಬೇಕು. ಅದನ್ನು ಸೇವಿಸಿದ 6 ಮಂದಿಯ ಯಕೃತ್ತಿಗೆ ಹಾನಿಯಾದುದನ್ನು ಮುಂಬೈಯ ವೈದ್ಯರು 2021ರಲ್ಲಿ ವರದಿ ಮಾಡಿದರು. ರೋಗನಿರೋಧಕ ಶಕ್ತಿಯನ್ನು ಕೆರಳಿಸಬಲ್ಲದೆಂಬ ಕಾರಣದಿಂದ, ದೇಹವೇ ತನ್ನ ಕೀಲುಗಳ ಮೇಲೆ ತಿರುಗಿಬೀಳುವ ಸಂಧಿವಾತದವರು ಇದರಿಂದ ದೂರವಿರುವುದು ಒಳ್ಳೆಯದು.

ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್ ಪೊಳ್ದ್‌ನಲ್ಲಿ ಕೋವಿಯ ಬಾಯಿಗೆ ಸಿಗಿಸುವ ತೋಕ್ ಪೂವಿನ (ಅಗ್ನಿಶಿಖೆಯ) ಬಳ್ಳಿಯಲ್ಲಿ, ಗೌಟ್ ಎಂಬ ಕೀಲುರೋಗಕ್ಕೆ ವೈದ್ಯರು ಕೊಡುವ ಕಾಲ್ಚಿಸಿನ್ ಇರುವುದು ನಿಜ. ಅದನ್ನು ಕೇಳಿ ಯಾರಾದರೂ ಗೆಡ್ಡೆ ಅಗೆದಾರೆಂಬುದೇ ನನ್ನ ಭಯ: ಮದ್ದಿನ ಪ್ರಮಾಣಕ್ಕೂ ಸಾವಿನ ಪ್ರಮಾಣಕ್ಕೂ ಅಲ್ಲಿ ಅಂತರ ತೀರ ಕಡಿಮೆ.

ಬೆಳಿಗ್ಗೆ ಎದ್ದ ಮೇಲೆ ಎರಡೂ ಕೈಗಳ ಬೆರಳುಗಳು ಗಂಟೆಗಟ್ಟಲೆ ಸೆಟೆದುಕೊಂಡಿದ್ದರೆ ಮನೆಮದ್ದಿನಲ್ಲಿ ತಿಂಗಳು ಕಳೆಯದೆ ರಕ್ತಪರೀಕ್ಷೆ ಮಾಡಿಸಬೇಕು, ಏಕೆಂದರೆ ಚಿಕಿತ್ಸೆ ತಡವಾದಷ್ಟು ಕೀಲುಗಳು ಸವೆದು ಸೊಟ್ಟಗಾಗುತ್ತವೆ. ಜ್ವರದ ಜೊತೆಗೆ ಒಂದೇ ಕೀಲು ದಿಢೀರನೆ ಊದಿಕೊಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಸಂಧಿವಾತಕ್ಕೆ ವೈದ್ಯರು ಬರೆದುಕೊಟ್ಟ ಮೆಥೋಟ್ರೆಕ್ಸೇಟ್‌ನಂಥ ಮಾತ್ರೆಯನ್ನು ಸೊಪ್ಪಿನ ಭರವಸೆಯಲ್ಲಿ ನಿಲ್ಲಿಸಬೇಡಿ. ಮನೆಯಲ್ಲಿ ಕುಡಿಯುತ್ತಿರುವ ಕಷಾಯದ ಹೆಸರನ್ನು ಬೈಗುಳಕ್ಕೆ ಹೆದರಿ ಮುಚ್ಚಿಡದೆ, ಮಾತ್ರೆಯ ಚೀಟಿಯ ಜೊತೆಗೇ ಅವರಿಗೆ ಹೇಳಿ.