ಕಾರ್ಡಿಫ್ ಬ್ಯಾರೇಜ್‌ನ ಸರ್ಕಾರಿ ಕಡತಗಳನ್ನು ಓದುವ ಕ್ರಮ

ವೇಲ್ಸ್‌ನ ರಾಜಧಾನಿ ಕಾರ್ಡಿಫ್‌ನಲ್ಲಿ ಕೊಲ್ಲಿಯ ಬಾಯಿಗೆ 1.1 ಕಿಲೋಮೀಟರ್ ಉದ್ದದ ಒಡ್ಡು (ಬ್ಯಾರೇಜ್) ಕಟ್ಟಿ, ಟ್ಯಾಫ್ ಮತ್ತು ಈಲಿ ನದಿಗಳ ನೀರನ್ನು ಸುಮಾರು 200 ಹೆಕ್ಟೇರ್ ಕೆರೆಯಾಗಿ ನಿಲ್ಲಿಸಿ, ಪಾಳುಬಿದ್ದ ಕಲ್ಲಿದ್ದಲು ಬಂದರಿನ ಸುತ್ತ ಹೊಸ ಬಡಾವಣೆಗಳನ್ನು ಎಬ್ಬಿಸಿದ ಯೋಜನೆಯ ಬಗ್ಗೆ ಕಾಗದಪತ್ರಗಳಿಗೆ ಬರವಿಲ್ಲ. ಇಂಥ ಯೋಜನೆಯನ್ನು ಸರ್ಕಾರ ಹೇಗೆ ಪರಿಶೀಲಿಸಿತು ಎಂದು ತಿಳಿಯಲು ಹೊರಟವರು ಸಾಮಾನ್ಯವಾಗಿ ಲೆಕ್ಕಪರಿಶೋಧಕರ ವರದಿಯನ್ನೇ ಮೊದಲು ತೆರೆದು, ಹತ್ತು ಪುಟ ದಾಟುವಷ್ಟರಲ್ಲಿ ಅಂಕಿಗಳ ನಡುವೆ ದಾರಿ ತಪ್ಪುತ್ತಾರೆ. ಆ ವರದಿಯನ್ನು ಕೊನೆಗೆ ಇಟ್ಟುಕೊಳ್ಳಿ.

ಮೊದಲು ಕೈಗೆತ್ತಿಕೊಳ್ಳಬೇಕಾದದ್ದು ಸಮುದ್ರದ ಏರಿಳಿತದ ಪಟ್ಟಿ. ಕಾರ್ಡಿಫ್ ಕೊಲ್ಲಿ ತೆರೆದುಕೊಳ್ಳುವ ಸೆವರ್ನ್ ಅಳಿವೆಯಲ್ಲಿ ಉಬ್ಬರಕ್ಕೂ ಇಳಿತಕ್ಕೂ ನಡುವಿನ ಅಂತರ 14 ಮೀಟರ್‌ವರೆಗೆ ಹೋಗುವುದರಿಂದ, ಒಡ್ಡು ಬರುವ ಮೊದಲು ಈ ಕೊಲ್ಲಿ ದಿನಕ್ಕೆರಡು ಬಾರಿ ತುಂಬಿ, ಎರಡು ಬಾರಿ ಬರಿದಾಗಿ, ಕೆಸರಿನ ಬಯಲಾಗುತ್ತಿತ್ತು. ನಮ್ಮ ಕರಾವಳಿಯವರಿಗೆ ಕಿಂಡಿ ಅಣೆಕಟ್ಟು ಪರಿಚಿತ. ಆದರೆ ಅಲ್ಲಿ ಮಳೆಗಾಲ ಮುಗಿದ ಮೇಲೆ ಹಲಗೆ ಇಳಿಸಿ, ಮುಂದಿನ ಮಳೆಗೆ ಮುಂಚೆ ತೆಗೆಯುತ್ತಾರೆ. ಕಾರ್ಡಿಫ್‌ನದು ವರ್ಷವಿಡೀ ಮುಚ್ಚಿದ ಬಾಯಿ. ಹೊರಗೆ ಉಬ್ಬರ ಕೆರೆಯ ಮಟ್ಟಕ್ಕಿಂತ ಮೇಲೇರಿದಾಗ ಒಡ್ಡಿನ ಐದು ತೂಬುಗಳಿಂದ ನದಿಯ ನೀರನ್ನು ಹೊರಬಿಡಲಾಗದು, ಅಷ್ಟು ಹೊತ್ತಿನ ಪ್ರವಾಹವನ್ನು ಕೆರೆಯೇ ಹೊಟ್ಟೆಯಲ್ಲಿಟ್ಟುಕೊಳ್ಳಬೇಕು. ಇದು ಮನಸ್ಸಿಗೆ ಹತ್ತಿದ ಮೇಲೆ, ಕಡತದಲ್ಲಿ ಮುಂದೆ ಬರುವ ತಕರಾರುಗಳೆಲ್ಲ ತಾವಾಗಿ ಅರ್ಥವಾಗುತ್ತವೆ.

ಅನಂತರ 1993ರ ಕಾರ್ಡಿಫ್ ಬೇ ಬ್ಯಾರೇಜ್ ಕಾಯ್ದೆಯನ್ನು ಓದಿ. ಇಲ್ಲಿ ಅವಸರ ಬೇಡ. ಯೋಜನೆಗಾಗಿ ಮೊದಲು ತಂದ ಖಾಸಗಿ ಮಸೂದೆ (ಅಂದರೆ ಸರ್ಕಾರವಲ್ಲದೆ ಸ್ಥಳೀಯ ಸಂಸ್ಥೆಯಂಥವರು ತಮ್ಮ ಕೆಲಸಕ್ಕೆ ಅನುಮತಿ ಕೋರಿ ತರುವ ಮಸೂದೆ) ಬ್ರಿಟಿಷ್ ಸಂಸತ್ತಿನಲ್ಲಿ ದಡ ಸೇರಲಿಲ್ಲ. ಆಮೇಲೆ ಸರ್ಕಾರವೇ ಮಸೂದೆ ಮಂಡಿಸಬೇಕಾಯಿತು. ಹಾನಿಗೊಳಗಾಗುವವರು ಅರ್ಜಿ ಹಾಕಿ ಸಂಸದರ ಸಮಿತಿಯ ಎದುರು ವಾದಿಸಬಹುದಾದ ಈ ಪದ್ಧತಿ ನ್ಯಾಯಾಲಯದ ವಿಚಾರಣೆಯನ್ನೇ ಹೋಲುತ್ತದೆ, ಮತ್ತು ನಿಜವಾದ ಪರಿಶೀಲನೆ ನಡೆದದ್ದು ಇಲ್ಲಿ ಎಂಬುದು ನನ್ನ ಅಭಿಪ್ರಾಯ. ರಿವರ್‌ಸೈಡ್, ಗ್ರೇಂಜ್‌ಟೌನ್‌ನಂಥ ತಗ್ಗು ಪ್ರದೇಶಗಳ ನಿವಾಸಿಗಳ ಭಯ ಸರಳವಾಗಿತ್ತು: ಇಳಿತವಾದಾಗಲೆಲ್ಲ ಕೆಳಗಿಳಿಯುತ್ತಿದ್ದ ನೀರು ಇನ್ನು ಮುಂದೆ ಒಂದೇ ಮಟ್ಟದಲ್ಲಿ ನಿಂತರೆ, ನೆಲದಡಿಯ ಜಲ್ಲಿಯ ಪದರದಲ್ಲಿ ಅಂತರ್ಜಲ ಏರಿ ನೆಲಮಾಳಿಗೆಗಳು ಒಸರುವುದಿಲ್ಲವೇ? ಆ ಪ್ರಶ್ನೆಗೆ ಉತ್ತರವಾಗಿ ಮನೆಗಳ ಸಮೀಕ್ಷೆ, ಹಾನಿಯಾದರೆ ಪರಿಹಾರ ಕಾಮಗಾರಿ ಎಂಬ ಹೊಣೆಗಳು ಕಾಯ್ದೆಯೊಳಗೇ ಬಂದವು. ನಿಂತ ನೀರು ಕೊಳೆಯಬಾರದೆಂದು, ಪ್ರತಿ ಲೀಟರ್‌ನಲ್ಲಿ ಕರಗಿದ ಆಮ್ಲಜನಕ 5 ಮಿಲಿಗ್ರಾಂಗಿಂತ ಕಡಿಮೆಯಾಗಬಾರದು ಎಂಬ ಷರತ್ತೂ ಬಂತು. ಅದಕ್ಕಾಗಿ ಇಂದಿಗೂ ಕೆರೆಯ ತಳಕ್ಕೆ ಕೊಳವೆಗಳಿಂದ ಗಾಳಿ ಊದುತ್ತಾರೆ. ಇಂಥ ಪ್ರತಿಯೊಂದು ವಾಗ್ದಾನವನ್ನೂ ಒಂದು ಹಾಳೆಯ ಎಡಬದಿಗೆ ಬರೆದುಕೊಂಡು, ಬಲಬದಿಯಲ್ಲಿ ಯಾರು ಮಾಡಬೇಕು, ಎಷ್ಟು ವರ್ಷ, ಯಾರ ದುಡ್ಡಿನಲ್ಲಿ ಎಂದು ತುಂಬುತ್ತ ಹೋಗಿ. ಖಾಲಿ ಉಳಿಯುವ ಜಾಗಗಳೇ ನಿಮ್ಮ ಮುಂದಿನ ಪ್ರಶ್ನೆಗಳು.

ಹಕ್ಕಿಗಳ ವಿಷಯಕ್ಕೆ ಬಂದಾಗ ಅಳತೆಗೋಲಿನ ಮೇಲೆ ಕಣ್ಣಿಡಿ. ಕೆಸರು ಬಯಲು ಮುಳುಗುವುದಕ್ಕೆ ಬದಲಾಗಿ ನ್ಯೂಪೋರ್ಟ್ ಬಳಿ 400 ಹೆಕ್ಟೇರ್‌ಗೂ ಮಿಕ್ಕ ಜೌಗು ಪ್ರದೇಶವನ್ನು ರೂಪಿಸಲಾಯಿತು. ವಿಸ್ತೀರ್ಣದ ಲೆಕ್ಕದಲ್ಲಿ ನೋಡಿದರೆ ಕಳೆದುಕೊಂಡದ್ದಕ್ಕಿಂತ ಪಡೆದದ್ದೇ ಹೆಚ್ಚು. ಆದರೆ ಕಾರ್ಡಿಫ್‌ನ ಕೆಸರಿನಲ್ಲಿ ಮೇಯುತ್ತಿದ್ದ ರೆಡ್‌ಶ್ಯಾಂಕ್ ಎಂಬ ಕೆಂಗಾಲಿನ ಹಕ್ಕಿಗಳಿಗೆ ಉಂಗುರ ತೊಡಿಸಿ ಹಿಂಬಾಲಿಸಿದ ಸಂಶೋಧಕರು, ಅವು ಪಕ್ಕದ ರಮ್ನಿ ಅಳಿವೆಗೆ ಸರಿದು, ಅಲ್ಲಿ ಮೈಸೊರಗಿ, ಚಳಿಗಾಲದಲ್ಲಿ ಬದುಕುಳಿಯುವ ಪ್ರಮಾಣವೂ ಇಳಿದದ್ದನ್ನು ಕಂಡರು. ಹೊಸ ಜೌಗು ಬೇರೆ ಹಕ್ಕಿಗಳಿಗೆ ಒಳ್ಳೆಯ ನೆಲೆಯಾಗಿರಬಹುದು. ಒಕ್ಕಲೆದ್ದ ಹಕ್ಕಿಗೆ ಅದು ಮನೆಯಾಗಲಿಲ್ಲ. ಪರಿಹಾರವನ್ನು ಹೆಕ್ಟೇರ್‌ಗಳಲ್ಲಿ ಮಾತ್ರ ಹೇಳುವ ವರದಿಯನ್ನು ಕಂಡಾಗ ಇದನ್ನು ನೆನೆಯಿರಿ.

ಈಗ ಹಣ. ಒಡ್ಡಿನ ವೆಚ್ಚವೆಂದು ಸುಮಾರು 22 ಕೋಟಿ ಪೌಂಡ್ ಎಂಬ ಸಂಖ್ಯೆ ಎಲ್ಲೆಡೆ ಕಾಣುತ್ತದೆ. ಅದರಲ್ಲಿ ಅಂತರ್ಜಲದ ಕೆಲಸ, ಪಕ್ಷಿಧಾಮ, ಮುಂದಿನ ನಿರ್ವಹಣೆ ಸೇರಿವೆಯೇ ಎಂದು ನೋಡದೆ ಯಾವ ಹೋಲಿಕೆಗೂ ಬಳಸಬೇಡಿ. ಉದ್ಯೋಗದ ಅಂಕಿಗಳನ್ನು ಓದುವಾಗ, ಹೊಸದಾಗಿ ಹುಟ್ಟಿದವೆಷ್ಟು, ನಗರದ ಇನ್ನೊಂದು ಮೂಲೆಯಿಂದ ಕಚೇರಿ ಸ್ಥಳಾಂತರಗೊಂಡು ಬಂದವೆಷ್ಟು ಎಂದು ಬೇರ್ಪಡಿಸಿದ್ದಾರೆಯೇ ನೋಡಿ.

ಹುಡುಕುವವರು ಎಡವುವ ಇನ್ನೊಂದು ಜಾಗವಿದೆ. ಒಡ್ಡು ಕಟ್ಟಿಸಿದ ಸರ್ಕಾರಿ ಸಂಸ್ಥೆ, 1987ರಲ್ಲಿ ಸ್ಥಾಪನೆಯಾದ ಕಾರ್ಡಿಫ್ ಬೇ ಅಭಿವೃದ್ಧಿ ನಿಗಮ, 2000ದ ಮಾರ್ಚ್ 31ರಂದು ಮುಚ್ಚಿತು. ಅದಕ್ಕೂ ಒಂದು ವರ್ಷದ ಹಿಂದೆಯಷ್ಟೇ ವೇಲ್ಸ್‌ಗೆ ತನ್ನದೇ ಶಾಸನಸಭೆ ಬಂದಿತ್ತು. ಹೀಗಾಗಿ ಕಡತವೂ ಎರಡಾಗಿ ಸೀಳಿದೆ: ಕಾಯ್ದೆಯ ಚರ್ಚೆ ಮತ್ತು ನಿರ್ಮಾಣ ಕಾಲದ ದಾಖಲೆಗಳನ್ನು ಲಂಡನ್ನಿನ ಸಂಸತ್ತಿನ ಕಡೆ ಹುಡುಕಬೇಕು, ಆಮೇಲಿನವನ್ನು ವೇಲ್ಸ್‌ನ ಶಾಸನಸಭೆ ಮತ್ತು ಅಲ್ಲಿನ ಮಹಾಲೆಕ್ಕಪರಿಶೋಧಕರ ಬಳಿ. ಸಂಸತ್ತಿನಲ್ಲಿ ಈ ಒಡ್ಡನ್ನು ಪಟ್ಟುಹಿಡಿದು ವಿರೋಧಿಸಿದ್ದ ರೋಡ್ರಿ ಮಾರ್ಗನ್ 2000ದ ಫೆಬ್ರವರಿಯಲ್ಲಿ ವೇಲ್ಸ್ ಸರ್ಕಾರದ ಮುಖ್ಯಸ್ಥರಾದರು. ಕೆಲವೇ ವಾರಗಳಲ್ಲಿ ಅದರ ನಿರ್ವಹಣೆಗೆ ದುಡ್ಡು ಕೊಡುವ ಸರದಿ ಅವರ ಸರ್ಕಾರದ್ದಾಯಿತು.

ಕೊನೆಯದಾಗಿ, ನಿಗಮದ ಹೊಣೆ ಹೊತ್ತ ಕಾರ್ಡಿಫ್ ಬಂದರು ಪ್ರಾಧಿಕಾರವನ್ನು ನಡೆಸುವ ನಗರಸಭೆಗೂ ವೇಲ್ಸ್ ಸರ್ಕಾರಕ್ಕೂ ನಡುವಿನ ಒಪ್ಪಂದವನ್ನು ತೆಗೆಯಿರಿ. 1980ರ ಸ್ಥಳೀಯ ಸರ್ಕಾರ, ಯೋಜನೆ ಮತ್ತು ಭೂಮಿ ಕಾಯ್ದೆಯ 165ನೇ ಕಲಮಿನಡಿ ಆದ ಒಪ್ಪಂದವಾದ್ದರಿಂದ, ನಗರಸಭೆಯ ಕಾಗದಗಳಲ್ಲಿ ಆ ಸಂಖ್ಯೆಯನ್ನೇ ಹುಡುಕಿದರೆ ಬೇಗ ಸಿಗುತ್ತದೆ. ಎರಡು ಬೇರೆ ಬೇರೆ ವರ್ಷಗಳ ಅನುದಾನವನ್ನು ಅಕ್ಕಪಕ್ಕ ಇಟ್ಟು, ಮೊದಲು ಮಾಡಿಕೊಂಡ ಹಾಳೆಯ ಎಡಬದಿಯ ಸಾಲುಗಳ ಮೇಲೆ ಒಂದೊಂದಾಗಿ ಬೆರಳಿಟ್ಟು ನೋಡಿ. ಲೆಕ್ಕಪರಿಶೋಧಕರ ವರದಿಯನ್ನು ತೆರೆಯಲು ಈಗ ಹೊತ್ತಾಯಿತು.